ಕಾಲಿಗೆ ಸಿಕ್ಕ ಭತ್ತ

ನಡೆದು ಮುಗಿಸಬಹುದಾದ ಕೆಲಸಕ್ಕೆ ಓಡುವುದು ನನ್ನ ಸ್ವಭಾವವಲ್ಲ. ಓಡಿ ಮಾಡಿದ ಕೆಲಸದಲ್ಲಿ ಎಲ್ಲೋ ಒಂದು ಮೂಲೆ ಉಳಿದೇ ಇರುತ್ತದೆ. ಬಸ್ಸಿನ ಹಿಂದೆ ಕೂಡ ನಾನು ಓಡಿದವನಲ್ಲ. ತಪ್ಪಿದ ಬಸ್ಸನ್ನು ನಿಂತು ನೋಡಿ, ಅದರ ಧೂಳು ಇಳಿಯುವ ತನಕ ಬೀಡಿ ಸೇದಿ, ಮುಂದಿನದಕ್ಕೆ ಹತ್ತುವವ. ಗಬ್ಬೂರಿನಲ್ಲಿ ಐದನೆಯ ಕ್ಲಾಸಿಗೆ ಶಾಲೆ ಬಿಟ್ಟೆನಲ್ಲ, ಆಗಲೂ ನಡೆದುಕೊಂಡೇ ಹೊರಬಂದೆ. ಮಾಸ್ತರರು ಗೇಟಿನ ತನಕ ಬೆನ್ನು ಹತ್ತಿದರು. ಓಡಿದವರು ಅವರು, ನಾನಲ್ಲ.

ಅಲ್ಲಿಂದ ರಾಯಚೂರಿಗೆ ಬಂದು ಅಕ್ಕಿ ಮಿಲ್ಲು ಸೇರಿದೆ. ನನ್ನದು ಅಂಗಳದ ಕೆಲಸ. ಕುದಿಸಿದ ಭತ್ತವನ್ನು ಬಿಸಿಲಿಗೆ ಹರವಿದರೆ ಆಗಲಿಲ್ಲ. ಒಂದೇ ಮಗ್ಗುಲಿಗೆ ಬಿದ್ದಿದ್ದರೆ ಮೇಲಿನದು ಬಿರಿಯುತ್ತದೆ, ಕೆಳಗಿನದು ಹಸಿ ಉಳಿಯುತ್ತದೆ. ಅದಕ್ಕೇ ಬರಿಗಾಲನ್ನು ಭತ್ತದೊಳಗೆ ಎಳೆಯುತ್ತ, ನೇಗಿಲು ಸಾಲು ಬಿಡಿಸಿದ ಹಾಗೆ, ಈ ತುದಿಯಿಂದ ಆ ತುದಿಗೆ ನಡೆಯಬೇಕು, ಮತ್ತೆ ಆ ತುದಿಯಿಂದ ಈ ತುದಿಗೆ. ನೋಡುವವರಿಗೆ ಏನನ್ನೋ ಕಳೆದುಕೊಂಡವ ಹುಡುಕುತ್ತಿದ್ದಾನೆ ಅನ್ನಿಸುತ್ತದೆ. ಆದರೆ ನನ್ನ ಅಂಗಳದ ಅಕ್ಕಿಯಲ್ಲಿ ನುಚ್ಚು ಬಂತೆಂದು ಯಾವ ಸಾಹುಕಾರನೂ ಬಾಯಿ ಬಿಟ್ಟಿಲ್ಲ. ಈ ಕೆಲಸದಲ್ಲಿ ಒಂದು ಸುಖವಿದೆ. ಬೆನ್ನಿಗೆ ಎಳೆಬಿಸಿಲು, ಮೂಗಿಗೆ ಹಬೆಯ ವಾಸನೆ, ಪಾದದಡಿ ಸರಸರ ಸದ್ದು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದಿರುವಾಗಲೇ ಒಂದು ಬಗೆಯ ನಿದ್ದೆ ಹತ್ತುತ್ತದೆ. ಆ ನಿದ್ದೆಯಲ್ಲಿ ನಾನು ಕೃಷ್ಣಾ ಹೊಳೆಯನ್ನು ನೀರಿನ ಮೇಲೆ ನಡೆದು ದಾಟಿದ್ದೇನೆ. ತೀರಿಹೋದ ಅವ್ವನ ಕೂಡ ಮಾತಾಡಿದ್ದೇನೆ. ಕಾಲು ಮಾತ್ರ ತನ್ನ ಸಾಲು ತಪ್ಪುವುದಿಲ್ಲ.

ಎಂಬತ್ತರ ಆಸುಪಾಸಿನ ಒಂದು ಚಳಿಗಾಲ, ಊರಿನ ತರುಣರು ಕೂಡಿ ಮಾನ್ವಿಯಿಂದ ರಾಯಚೂರಿನ ತನಕ ಮ್ಯಾರಥಾನ್ ರಿಲೇ ಇಟ್ಟರು. ಒಬ್ಬ ಒಂದಷ್ಟು ದೂರ ಓಡಿ ಕೈಯೊಳಗಿನ ಕೆಂಪು ಅರಿವೆ ಸುತ್ತಿದ ಕೋಲನ್ನು ಮುಂದಿನವನಿಗೆ ಕೊಡಬೇಕು, ಅವನು ಅದರ ಮುಂದಿನವನಿಗೆ. ನಮ್ಮ ಮಿಲ್ಲಿನ ಬಾಯ್ಲರ್ ನೋಡುವ ಬಸವರಾಜ ಗೆಳೆಯರ ತಂಡ ಕಟ್ಟಿ, ನನ್ನನ್ನು ಕೇಳದೆಯೇ ನನ್ನ ಹೆಸರು ಬರೆಸಿಬಂದ.

“ನಾ ಓಡಂಗಿಲ್ಲಲೇ,” ಅಂದೆ.

“ದಿನಾ ಅಂಗಳದಾಗ ತಿರುಗ್ತೀಯಲ್ಲ, ಅದನ್ನ ಉದ್ದಕ ಹಾಸಿದ್ರ ಹೈದ್ರಾಬಾದ್ ಮುಟ್ಟತದ. ಇದೇನು ಮಹಾ?”

“ಅದು ನಡಿಯೂದು.”

“ಅದನ್ನೇ ಒಂದೀಟು ಲಗೂನ ಮಾಡು, ಅಷ್ಟ.”

ಇಷ್ಟಕ್ಕೆ ನಾನು ಬಗ್ಗುತ್ತಿರಲಿಲ್ಲ. ಬಗ್ಗಿದ್ದು ಖಾಜಾನ ಸಲುವಾಗಿ. ಖಾಜಾ ಗಂಜಿನ ಕಾಳುಪೇಟೆಯಲ್ಲಿ ಗೋಣಿಚೀಲ ಮಾರುತ್ತಿದ್ದ. ಅದಕ್ಕೂ ಮೊದಲು ಬಳೆ, ಬಳೆಗೂ ಮೊದಲು ಚಹಾ, ನಡುವೆ ಒಂದಷ್ಟು ದಿನ ಬಾಡಿಗೆ ಸೈಕಲ್ಲು. ಅವನಿಗೆ ಕಟ್ಟಿಗೆ ಅಡ್ಡೆಯ ಚಾಚಾನ ಮಗಳ ಮೇಲೆ ಮನಸ್ಸು. ಚಾಚಾ ಮಾತ್ರ ಎಲ್ಲರೆದುರು ಹೇಳಿಬಿಟ್ಟಿದ್ದ: “ಹಿಡದಿದ್ದು ಒಂದರ ಮುಗಿಸಿ ತೋರ್ಸು. ಆಮ್ಯಾಲ ಮಗಳ ಮಾತು.” ಓಟ ಮುಗಿಯುವುದು ಸರಿಯಾಗಿ ಆ ಅಡ್ಡೆಯ ಮುಂದೆ. ಕೊನೆಯ ಪಾಳಿ ಖಾಜಾನದು, ಅದರ ಹಿಂದಿನದು ನನ್ನದು.

“ಭಾಯಿ, ಕೋಲು ನನ್ನ ಕೈಯಾಗ ಇಡು, ಸಾಕು,” ಅಂದ ಖಾಜಾ. “ನನ್ನ ನಿಕಾ ನಿನ್ನ ಕಾಲಾಗ ಅದ.”

ಕಾಲಿನ ಮಾತು ಬಂದ ಮೇಲೆ ನಾನು ಹಿಂದೆ ಸರಿಯುವವನಲ್ಲ.

ಓಟದ ದಿನ ಬಸವರಾಜ ಏದುಸಿರು ಬಿಡುತ್ತ ಬಂದು ಕೋಲು ನನ್ನ ಕೈಗೆ ತುರುಕಿದ. “ನಮ್ಮ ಮುಂದ ದೇವದುರ್ಗದವರು ಅಷ್ಟ ಅದಾರ, ನಡಿ.” ಓಡಿದೆ. ನಿಜವಾಗಿಯೂ ಓಡಿದೆ. ದೇವದುರ್ಗದ ಹುಡುಗನ ಬಿಳಿ ಬನಿಯನ್ನು ಮುಂದೆ ಕಾಣುತ್ತಲೇ ಇತ್ತು. ಆದರೆ ಬೇಡಿ ತಂದ ಕ್ಯಾನ್ವಾಸ್ ಬೂಟು ಹಿಮ್ಮಡಿ ಕಚ್ಚತೊಡಗಿತು. ಬಿಚ್ಚಿ, ಲೇಸು ಗಂಟು ಹಾಕಿ ಕೊರಳಿಗೆ ತೂಗುಬಿಟ್ಟೆ. ಎಲ್ಲ ಅನಾಹುತ ಅಲ್ಲಿಂದಲೇ.

ಆ ಕಡೆ ಕಾಲುವೆ ನೀರಿನ ಊರುಗಳು. ಸುಗ್ಗಿ ಬಂತೆಂದರೆ ಅರ್ಧ ಡಾಂಬರು ಬಸ್ಸಿಗೆ, ಅರ್ಧ ಭತ್ತಕ್ಕೆ. ಒಂದು ಊರಿನ ಹತ್ತಿರ, ಹೆಸರು ಹೇಳುವುದಿಲ್ಲ, ರಸ್ತೆಯುದ್ದಕ್ಕೂ ಬಂಗಾರದ ಹಾಗೆ ಭತ್ತ ಹರವಿತ್ತು. ದೇವದುರ್ಗದವನು ಪಕ್ಕಕ್ಕೆ ಸರಿದು ಓಡಿಹೋದ. ನನ್ನ ಬರಿಗಾಲು ಭತ್ತದೊಳಗೆ ಇಳಿಯಿತು.

ಮುಂದಿನದು ನನಗೆ ಕನಸಿನ ಹಾಗೆಯೇ ನೆನಪಿದೆ. ಬಿಸಿಲು ಬೆನ್ನ ಮೇಲೆ ಕೈಯಿಟ್ಟಿತು. ಸರಸರ ಸದ್ದು ಶುರುವಾಯಿತು. ದೂರದಲ್ಲಿ ಬಿಳಿ ಬನಿಯನ್ನು ಕೊಕ್ಕರೆಯಾಗಿ, ಚುಕ್ಕೆಯಾಗಿ, ಆಮೇಲೆ ಏನೂ ಇಲ್ಲವಾಯಿತು. ನಾನು ಆ ತುದಿಗೆ ಹೋದೆ, ತಿರುಗಿದೆ, ಈ ತುದಿಗೆ ಬಂದೆ. ಕೋಳಿಗಳು ಬಂದವು, ಕೋಲು ಬೀಸಿ ಅಟ್ಟಿದೆ. ಅಷ್ಟು ಚೆಂದದ ಕೋಲನ್ನು ಊರಿಂದೂರಿಗೆ ಹೊತ್ತೊಯ್ಯುವುದು ಯಾಕೆಂದು ಆಗ ತಿಳಿದ ಹಾಗಾಯಿತು. ಬೇವಿನ ಗಿಡದ ಕೆಳಗೆ ಒಬ್ಬ ಮುದುಕಿ ಕೂತಿದ್ದಳು, ಭತ್ತದ ಒಡತಿ.

“ಯಾರು ಕಳಿಸ್ಯಾರಪ್ಪಾ ನಿನ್ನ?” ಅಂದಳು.

“ಬಸವರಾಜ,” ಅಂದೆ.

“ಚಲೋ ಮನಷ್ಯಾ ಅಂವ.” ಒಂದಷ್ಟು ಹೊತ್ತು ನೋಡಿ ಮತ್ತೆ ಅಂದಳು, “ಯಪ್ಪಾ, ಆ ಮೂಲಿ ಉಳೀತು ನೋಡು.”

ನನ್ನ ಕೆಲಸದಲ್ಲಿ ಮೂಲೆ ಉಳಿಯಿತೆಂಬ ಮಾತನ್ನು ಆ ತನಕ ಯಾರೂ ಆಡಿರಲಿಲ್ಲ. ಸೊಂಟ ಬಿಗಿದು ಆ ಮೂಲೆಗೆ ಇಳಿದೆ. ಒಂದು ಸಾಲು ಬಿಡಿಸಿರಬೇಕು, ಮುದುಕಿ ಕೇಳಿದಳು: “ಅಲ್ಲಪ್ಪಾ, ಕೊಳ್ಳಾಗ ಬೂಟು ಕಟಗೊಂಡಿ, ಕೈಯಾಗ ಕೆಂಪು ಅರಿವಿ ಸುತ್ತಿದ ಕೋಲು ಹಿಡದಿ. ನಿಂದು ಯಾವ ದೇವರ ಹರಕಿ?”

ಕೋಲು ಎಂದ ಕೂಡಲೆ ಎಚ್ಚರವಾಯಿತು. ಜನ್ಮದಲ್ಲಿ ಓಡದ ಓಟ ಓಡಿದೆ.

ಖಾಜಾ ಒಬ್ಬನೇ ಹುಣಸೆ ಗಿಡದ ಕೆಳಗೆ ನಿಂತಿದ್ದ. ಎಲ್ಲ ತಂಡಗಳೂ ದಾಟಿಹೋಗಿ ಎಷ್ಟೋ ಹೊತ್ತಾಗಿತ್ತು. ಓಟದವರ ಜೀಪು ಕೂಡ ಕರೆದು ನೋಡಿ, ಇವನು ಹತ್ತದೇ ಇದ್ದುದಕ್ಕೆ ಬಿಟ್ಟುಹೋಗಿತ್ತು.

“ಏನಾತು ಭಾಯಿ?”

“ಭತ್ತ ಇತ್ತು.”

ಅವನು ನನ್ನ ಪಾದಕ್ಕೆ ಮೆತ್ತಿದ ಹೊಟ್ಟು ನೋಡಿದ, ಮುಖ ನೋಡಿದ. ಬೈದಿದ್ದರೆ ಹಗುರಾಗುತ್ತಿತ್ತು. ಕೋಲು ತೆಗೆದುಕೊಂಡು, ಯಾರೂ ಇಲ್ಲದ ರಸ್ತೆಯಲ್ಲಿ ಓಡಿಬಿಟ್ಟ.

ನಾನು ನಡೆದು ಊರು ಮುಟ್ಟುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಶಾಮಿಯಾನ ಬಿಚ್ಚಿದ್ದರು, ಬಹುಮಾನ ಹಂಚಿಯಾಗಿತ್ತು, ಜನ ಮನೆ ಸೇರಿದ್ದರು. ಅಡ್ಡೆಯ ಮುಂದೆ ಖಾಜಾ ಕಟ್ಟಿಗೆ ರಾಶಿಗೆ ಒರಗಿ ಬಿದ್ದಿದ್ದ. ಕೋಲು ಎದೆಯ ಮೇಲಿತ್ತು. ಚಾಚಾ ತಾನೇ ತಂಬಿಗೆ ಹಿಡಿದು ಅವನಿಗೆ ನೀರು ಕುಡಿಸುತ್ತಿದ್ದ.

“ಹಗಲೆಲ್ಲ ಭಾಳ ಮಂದಿ ಓಡಿ ಬಂದ್ರು,” ಅಂದ ಚಾಚಾ ನನ್ನ ಕಡೆ ನೋಡಿ. “ಅವರನ್ನ ನೋಡಾಕ ಜನ ಇತ್ತು. ಇವನ್ನ ನೋಡಾಕ ಒಂದು ನಾಯಿನೂ ಇರಲಿಲ್ಲ. ಆದ್ರೂ ಮುಗಿಸ್ಯಾನ.”

ಆ ವರ್ಷವೇ ನಿಕಾ ಆಯಿತು. ನಾನು ಪಂಕ್ತಿಯ ಮೊದಲಲ್ಲೇ ಕೂತು ಬಿರಿಯಾನಿ ಉಂಡೆ. ನಾನು ಹೊತ್ತಿಗೆ ಸರಿಯಾಗಿ ಬಂದಿದ್ದರೆ ಖಾಜಾ ಆ ಗದ್ದಲದಲ್ಲಿ ಯಾರ ಕಣ್ಣಿಗೂ ಬೀಳದೆ ಹೋಗುತ್ತಿದ್ದ ಎಂದು ಎಡಬಲದವರಿಗೆ ತಿಳಿಸಿ ಹೇಳಿದೆ. ಎದುರಿಗೆ ಕೂತ ಬಸವರಾಜ ಮಾತ್ರ ತಲೆ ಎತ್ತದೆ ಎಲುಬು ಚೀಪುತ್ತಿದ್ದ.

ಸೋತದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಈಗಲೂ ಮಾನ್ವಿ ಬಸ್ಸು ಆ ಊರು ದಾಟುವಾಗ ಕಿಟಕಿಯಿಂದ ಕತ್ತು ಚಾಚಿ ಬೇವಿನ ಗಿಡದ ಕಡೆ ನೋಡುತ್ತೇನೆ. ಆ ಮೂಲೆಯಲ್ಲಿ ಬಿಡಿಸಿದ್ದು ಒಂದೇ ಸಾಲು. ಮುದುಕಿಯ ಅಕ್ಕಿಯಲ್ಲಿ ಆ ವರ್ಷ ನುಚ್ಚು ಬಂದಿದ್ದರೆ, ಅದು ನನ್ನ ಕೆಲಸದ ದೋಷವಲ್ಲ, ನನ್ನನ್ನು ಓಡಿಸಿದವರದು.