ಹುಡುಗನ ಮುತ್ತಜ್ಜಿಯ ಮದುವೆ ಜಾಮೀನು

ಮದುವೆ ಮಾತುಕತೆ ನಡೆಯುವ ಮನೆಯಲ್ಲಿ ನಗುವಂಥದ್ದು ದಿನಾ ಒಂದಾದರೂ ನಡೆಯುತ್ತದೆ. ಆಸ್ಟ್ರೇಲಿಯಾದ ಗಿರಾವೀನ್‌ನ ನಮ್ಮ ಮನೆಯಲ್ಲಿ ನಗುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

೧. ವಿಚಾರಣೆ

ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ಓದುವಾಗ ಪರಿಚಯವಾದ ಆಸ್ಟ್ರೇಲಿಯಾದ ಹುಡುಗನನ್ನೇ ಮದುವೆಯಾಗುತ್ತೇನೆ ಎಂದಳು ಮಗಳು. ನನಗೂ ಹೆಂಡತಿಗೂ ಒಪ್ಪಿಗೆ. ಮೈಸೂರಿನಿಂದ ಬಂದಿದ್ದ ನನ್ನ ಅಮ್ಮನದು ಒಂದೇ ಹಟ.

"ಜಾತಿ ಕೇಳಲ್ಲಪ್ಪ, ಕಾಲ ಬದಲಾಗಿದೆ. ಆದ್ರೆ ಮನೆತನ ವಿಚಾರಿಸದೆ ಹೆಣ್ಣು ಕೊಡೋಕಾಗತ್ತಾ?"

ಅಜ್ಜಿ ಒಪ್ಪದೆ ಮದುವೆಯಿಲ್ಲ ಎಂದು ಮಗಳೂ ಹೇಳಿಬಿಟ್ಟಳು. ಮೈಸೂರಾಗಿದ್ದರೆ ಹುಡುಗನ ಪಕ್ಕದ ಮನೆಯವರನ್ನು ಕೇಳಿದರೆ ಸಾಕಿತ್ತು. ಇಲ್ಲಿ ಪಕ್ಕದ ಮನೆಯವರಿಗೆ ನಮ್ಮ ಕಸದ ಬಿನ್ ಯಾವುದು ಎನ್ನುವುದಷ್ಟೇ ಗೊತ್ತು.

೨. ವಯಸ್ಸು

ಹುಡುಗ ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿ, ಐರ್ಲೆಂಡಿನಲ್ಲಿದ್ದ ತನ್ನ ಮುತ್ತಜ್ಜಿಯ ಮುತ್ತಜ್ಜಿಯ ಮದುವೆ ಬಾಂಡ್ ಕಳಿಸಿದ. 'ಈ ಮದುವೆಗೆ ಅಡ್ಡಿಯಿಲ್ಲ, ಇದ್ದರೆ ದಂಡ ಕಟ್ಟುತ್ತೇವೆ' ಎಂದು ಮದುಮಗನೂ ಅವನ ಸ್ನೇಹಿತನೂ ಚರ್ಚಿನವರಿಗೆ ಬರೆದುಕೊಟ್ಟ ಜಾಮೀನು ಪತ್ರ ಅದು.

"ಜಾಮೀನು ಕೊಟ್ಟು ಮದುವೆ ಆದೋರು. ಒಳ್ಳೇ ಜನ," ಎಂದರು ಅಮ್ಮ.

ಹೆಣ್ಣಿನ ವಯಸ್ಸು 'ಇಪ್ಪತ್ತೊಂದು ಮತ್ತು ಮೇಲ್ಪಟ್ಟು' ಎಂದು ಓದಿ ಹೇಳಿದೆ.

"ಮೂವತ್ತೆರಡು ಅನ್ನು. ನಮ್ಮ ಬ್ರೋಕರೂ ಹೀಗೇ ಹೇಳೋದು."

೩. ಮುಹೂರ್ತ

"ಸರಿ, ಮದುವೆ ಆಗಿದ್ದಕ್ಕೆ ಸಾಕ್ಷಿ ಏನು?" ಅಮ್ಮನ ಮುಂದಿನ ಪ್ರಶ್ನೆ.

ಬಾಂಡ್ ಎಂದರೆ ಮದುವೆಯಾಗುವ ಉದ್ದೇಶ ಮಾತ್ರ, ನಮ್ಮ ನಿಶ್ಚಿತಾರ್ಥದ ಹಾಗೆ. ಹುಡುಗ ಪಾಪ, ಚರ್ಚಿನ ರಿಜಿಸ್ಟರನ್ನೂ ಹುಡುಕಿಸಿದ. ಮುಂದಿನ ಭಾನುವಾರ ವಿಡಿಯೋ ಕಾಲ್‌ನಲ್ಲಿ ಅವನ ಮುಖ ಬಾಡಿತ್ತು.

"ಸಾರಿ, ಅಜ್ಜಿ," ಎಂದು ಶುರುಮಾಡಿದ. ಮುಂದಿನದನ್ನು ನಾನು ಕನ್ನಡದಲ್ಲಿ ಹೇಳಬೇಕಾಯಿತು. ಆ ಮುತ್ತಜ್ಜಿಯ ಮದುವೆಯೇನೋ ಆಗಿದೆ. ಆದರೆ ಆ ಮದುಮಗನ ಜೊತೆಗಲ್ಲ, ಜಾಮೀನು ನಿಂತ ಸ್ನೇಹಿತನ ಜೊತೆಗೆ. ಹುಡುಗನ ವಂಶ ಬೆಳೆದದ್ದು ಆ ಸ್ನೇಹಿತನಿಂದಲೇ.

ಅಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಎಲ್ಲ ಮುಗಿಯಿತು ಎಂದುಕೊಂಡೆ.

"ಮುಚ್ಚಿಡಬಹುದಾಗಿತ್ತು, ಮುಚ್ಚಿಡಲಿಲ್ಲ," ಎಂದರು ಅಮ್ಮ ಕೊನೆಗೆ. "ಹುಡುಗ ಚಿನ್ನದಂಥವನು. ಮಾಡಿ ಮದುವೆ."

ಮಗಳು ಅತ್ತೇಬಿಟ್ಟಳು. ಅಮ್ಮ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು.

"ಅವನ ಫ್ರೆಂಡ್ಸ್‌ಗೆ ಮಾತ್ರ ಮುಹೂರ್ತಕ್ಕೆ ಬರಬೇಡಿ ಅನ್ನು. ಊಟದ ಹೊತ್ತಿಗೆ ಬಂದ್ರೆ ಸಾಕು."