ಎಡಗಾಲು ಒಳಗಿತ್ತೋ ಹೊರಗಿತ್ತೋ

ಹಾಯ್ಟ್ ಕ್ರಂಪ್ಟನ್‌ನ ಶತ್ರು ಕಾಣೆಯಾಗಿ ಮೂರು ವಾರವಾಗಿತ್ತು. ಆ ದುಃಖದಲ್ಲಿ ಹಾಯ್ಟ್ ಅನ್ನ ನೀರು ಬಿಟ್ಟಿದ್ದ. (ಅಮೆರಿಕದ ಅಲಬಾಮದಲ್ಲಿ ಅನ್ನವೆಂದರೆ ಗ್ರೇವಿ ಸುರಿದ ಬಿಸ್ಕೆಟ್ಟು ಎಂಬ ಮೆತ್ತನೆ ಬನ್ನು, ನೀರೆಂದರೆ ಸಕ್ಕರೆ ಸುರಿದ ತಣ್ಣನೆ ಟೀ.)

ಶತ್ರುವಿನ ನಿಜವಾದ ಹೆಸರು ಹಾಯ್ಟ್‌ಗೆ ಗೊತ್ತಿರಲಿಲ್ಲ. ಕಾಲೇಜು ಫುಟ್‌ಬಾಲ್ ಅಭಿಮಾನಿಗಳು ಫೋನಿನಲ್ಲಿ ಕಚ್ಚಾಡಲೆಂದೇ ಇರುವ ಅಂತರ್ಜಾಲದ ಜಗಲಿಯೊಂದರಲ್ಲಿ ಆತ ‘ವಿಷದ ಮುಳ್ಳು’. ‘ಕಣಜಗಳು’ ಎಂಬ, ಕುಟುಕುವ ಹುಳುವಿನ ಹೆಸರಿನ ತಂಡದವನು. ಹಾಯ್ಟ್ ಅಲ್ಲಿ ‘ಮುದಿ ಹೇಸರಗತ್ತೆ’. ಹುಟ್ಟಿದಾಗಿನಿಂದ ಹೇಸರಗತ್ತೆಗಳ ತಂಡದ ಭಕ್ತ. (ಆ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ, ಟೈರಿನ ಅಂಗಡಿ ಇಟ್ಟಿದ್ದವನು. ಭಕ್ತಿಗೆ ಪದವಿ ಯಾಕೆ ಬೇಕು?) ಹನ್ನೊಂದು ವರ್ಷದಿಂದ ಇಬ್ಬರೂ ದಿನಾ ಬೆಳಗ್ಗೆ ಹಲ್ಲುಜ್ಜುವ ಮೊದಲೇ ಒಬ್ಬರನ್ನೊಬ್ಬರು ಬೈದು ದಿನ ಆರಂಭಿಸುತ್ತಿದ್ದರು.

ಜಗಳದ ಮೂಲ ಒಂದು ಕಾಲು. ಎಂಬತ್ತಮೂರನೇ ಇಸವಿಯ ಪಂದ್ಯದಲ್ಲಿ, ಕೊನೆಯ ಕ್ಷಣದಲ್ಲಿ, ಹೇಸರಗತ್ತೆಗಳ ಹುಡುಗನೊಬ್ಬ ಮೈದಾನದ ಮೂಲೆಯಲ್ಲಿ ಹಾರಿ ಚೆಂಡು ಹಿಡಿದ. (ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡು ಹಿಡಿಯುವುದು ಕೈಯಲ್ಲಿ, ಕಾಲು ಮಾತ್ರ ಗೆರೆಯೊಳಗೆ ಊರಬೇಕು.) ಅವನ ಎಡಗಾಲು ಗೆರೆಯ ಒಳಗೆ ಊರಿತು ಎಂದು ತೀರ್ಪು ಬಂತು, ಹೇಸರಗತ್ತೆಗಳು ಗೆದ್ದವು. ಹೊರಗೆ ಊರಿತು ಎಂದು ಕಣಜಗಳು ಅಂದಿನಿಂದ ಗೋಳಾಡುತ್ತಿವೆ. ಟಿವಿಯ ಹಳೇ ಚಿತ್ರವೋ, ಮುಖಕ್ಕೆ ಹಿಟ್ಟು ಎರಚಿದ ಹಾಗೆ ಮಸುಕು. ಒಳಗೆ ಎಂದವರಿಗೆ ಒಳಗೆ ಕಾಣುತ್ತಿತ್ತು, ಹೊರಗೆ ಎಂದವರಿಗೆ ಹೊರಗೆ.

“ಇನ್ನೊಂದು ಬಿಸ್ಕೆಟ್ ತಗೊಳ್ರೀ,” ಎಂದಳು ಹೆಂಡತಿ ವರ್ಲೀನ್.

“ಬೇಡ ಕಣೇ. ಗಂಟಲಲ್ಲಿ ಇಳಿಯಲ್ಲ.”

“ನಾನು ನಮ್ಮಕ್ಕನ ಮನೇಲಿ ಒಂದು ತಿಂಗಳು ಇದ್ದು ಬಂದೆನಲ್ಲ, ಆಗ ನೀವು ದಪ್ಪ ಆಗಿದ್ರಿ!”

“ಅದು ಬೇರೆ ವಿಷಯ. ನೀನು ವಾಪಸ್ ಬರ್ತೀಯ ಅಂತ ಗೊತ್ತಿತ್ತಲ್ಲ.”

ವರ್ಲೀನ್ ಬಾಣಲೆಯನ್ನು ಒಲೆಯ ಮೇಲೆ ಕುಕ್ಕಿದಳು. ಅವಳ ಹೊಟ್ಟೆ ಉರಿಯುತ್ತಿತ್ತು. ಮುಖ ಮೂತಿ ಗೊತ್ತಿಲ್ಲದ ಯಾವನೋ ಮುಳ್ಳಿಗಾಗಿ ಈ ಮನುಷ್ಯ ಹೀಗೆ ಸೊರಗುವುದೆಂದರೇನು? ಎದುರಿಗೆ ಕೂತವಳ ಜೊತೆ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅದರಲ್ಲಿ ಎರಡು ‘ಉಪ್ಪು’ ಮತ್ತು ‘ಹ್ಞೂಂ’.

ಮುಳ್ಳನ್ನು ಕೆಣಕಿ ಕರೆತರಲು ಹಾಯ್ಟ್ ಮಾಡದ ಪ್ರಯತ್ನವಿಲ್ಲ. ಕಣಜಗಳ ಕೋಚ್‌ನನ್ನು ಕುಂಬಳಕಾಯಿ ಎಂದು ಕರೆದ. ಅವರ ಬ್ಯಾಂಡಿನವರು ನುಡಿಸುವುದು ಹಂದಿ ಅರಚಿದಂತಿದೆ ಎಂದ. ಹತ್ತಾರು ಕಣಜಗಳು ಮುತ್ತಿ ಕುಟುಕಿದವು ನಿಜ, ಆದರೆ ಅವು ಎಳಸು ಕಣಜಗಳು. ‘ಹೋಗೋ ಮುದಿಯ’ ಎನ್ನುವುದರಾಚೆಗೆ ಅವಕ್ಕೆ ಬೈಗುಳವೇ ಬರುತ್ತಿರಲಿಲ್ಲ. ಮುಳ್ಳಿನ ಬೈಗುಳದಲ್ಲಿ ಎಂತಹ ಕಸುಬು, ಎಂತಹ ಪಾಂಡಿತ್ಯ! ‘ನಿನ್ನ ಕನ್ನಡಕ ಮಾಡಿದವನು ಹೇಸರಗತ್ತೆಗೆ ಲಾಳ ಹೊಡೆಯುವವನಿರಬೇಕು’ ಎಂದು ಒಮ್ಮೆ ಬರೆದಿದ್ದ. ಅದನ್ನು ನೆನೆದು ಹಾಯ್ಟ್‌ನ ಕಣ್ಣು ತೇವವಾಯಿತು. ಸತ್ತೇ ಹೋದನೋ ಏನೋ. ಯಾವ ಊರು, ಯಾವ ಬೀದಿ ಎಂದು ಒಮ್ಮೆಯಾದರೂ ಕೇಳಬಾರದಿತ್ತೇ?

ಶುಕ್ರವಾರ ಮಧ್ಯಾಹ್ನ ಅವನ ತಲೆಯಲ್ಲಿ ಮಹಾಜ್ಞಾನೋದಯವಾಯಿತು. ಬೈದರೆ ಬಾರದವನು ಸೋತರೆ ಬಂದಾನು! ಬದುಕಿದ್ದರೆ ಈ ಮಾತು ಕೇಳಿ ಎದ್ದು ಬರಲೇಬೇಕು. ಎದೆ ಗಟ್ಟಿ ಮಾಡಿಕೊಂಡು ಬರೆದ: ‘ನಾನು ಮುದಿ ಹೇಸರಗತ್ತೆ, ದೇವರ ಮೇಲೆ ಆಣೆ ಮಾಡಿ ಹೇಳುತ್ತೇನೆ. ಎಂಬತ್ತಮೂರರ ಆ ಎಡಗಾಲು ಹೊರಗಿತ್ತು.’

ಕಣಜಗಳು ಕುಣಿದಾಡಿದವು. ಹೇಸರಗತ್ತೆಗಳು ಕೆರಳಿ ಒದ್ದವು. ಸಂಜೆಯೊಳಗೆ ಜಗಲಿಯ ತಮ್ಮ ಪಾಳಯದಿಂದ ಅವನನ್ನು ಹೊರಗೆ ಹಾಕಿದ್ದಾಯಿತು. (ಮುದಿ ಹೇಸರಗತ್ತೆ ಯಾರೆಂದು ಊರಿಗೆಲ್ಲ ಗೊತ್ತಿತ್ತು.) ಶನಿವಾರ ಕ್ಷೌರಕ್ಕೆ ಹೋದರೆ ಕ್ಷೌರಿಕ ಡೂಯಿ, ಅವನೂ ಹೇಸರಗತ್ತೆಯೇ, ಅರ್ಧ ತಲೆ ಕತ್ತರಿಸಿ ಕತ್ತರಿ ಕೆಳಗಿಟ್ಟ.

“ಇದೇನೋ ಡೂಯಿ, ಇನ್ನರ್ಧ?”

“ಅದು ಗೆರೆಯಿಂದ ಹೊರಗಿದೆ. ಅದನ್ನ ನಾನು ಮುಟ್ಟಲ್ಲ.”

ಭಾನುವಾರ ಚರ್ಚಿನಲ್ಲಿ ಅವನ ಬೆಂಚಿನಲ್ಲಿ ವರ್ಲೀನ್ ಬಿಟ್ಟರೆ ಯಾರೂ ಕೂರಲಿಲ್ಲ. ಅವಳು ಅವನ ಅರ್ಧ ತಲೆಗೆ ಟೋಪಿ ಎಳೆದು ಸರಿಮಾಡಿದಳು. “ಮುಳ್ಳೇನಾದ್ರೂ ಬಂತಾ?” ಎಂದು ಮೆಲ್ಲನೆ ಕೇಳಿದಳು. ಇಲ್ಲವೆಂದು ತಲೆಯಾಡಿಸಿದ. ಅವನ ಮುಖ ನೋಡಿ ಅವಳಿಗೂ ಪಾಪ ಅನ್ನಿಸಿತು.

ಸಂಜೆ ಊಟಕ್ಕೆ ಕೂತಾಗ ಫೋನು ಟಿಂಗ್ ಎಂದಿತು. ಹಾಯ್ಟ್ ನೋಡಿ ಕುರ್ಚಿಯಿಂದ ಎದ್ದೇಬಿಟ್ಟ.

“ಬಂದ ಕಣೇ! ಬದುಕಿದ್ದಾನೆ! ಮಂಡಿ ಆಪರೇಷನ್ ಆಗಿತ್ತಂತೆ, ಮಗಳು ಫೋನು ಕಿತ್ತಿಟ್ಟಿದ್ದಳಂತೆ!”

“ಒಳ್ಳೇದಾಯ್ತು. ಏನಂತೆ?”

ಹಾಯ್ಟ್ ಮುಂದೆ ಓದಿದ. ಓದುತ್ತಾ ಓದುತ್ತಾ ಕುರ್ಚಿಗೆ ಕುಸಿದ. ಮುಳ್ಳು ಬರೆದಿದ್ದ: ‘ಅಯ್ಯಾ ಹೇಸರಗತ್ತೆ, ನೀನು ದೊಡ್ಡ ಮನುಷ್ಯ. ನೀನು ಒಪ್ಪಿಕೊಂಡ ಮೇಲೆ ನಾನು ಮುಚ್ಚಿಡುವುದು ಸರಿಯಲ್ಲ. ಮಲಗಿದ್ದಲ್ಲೇ ಆ ಚಿತ್ರವನ್ನು ಮತ್ತೆ ಮತ್ತೆ ನೋಡಿದೆ. ಕಾಲು ಒಳಗಿತ್ತು. ಹನ್ನೊಂದು ವರ್ಷ ನೀನೇ ಸರಿ.’

ಬದುಕಿಡೀ ಕಾದ ಗೆಲುವು ಕೈಗೆ ಬಂದಿತ್ತು. ಹಾಯ್ಟ್‌ಗೆ ಅಳು ಬಂತು. ತಾನೂ ‘ಒಳಗೆ’ ಎಂದು ಒಪ್ಪಿಬಿಟ್ಟರೆ ನಾಳೆ ಬೆಳಗ್ಗೆ ಯಾರನ್ನು ಬೈಯುವುದು? ಫೋನು ಎತ್ತಿಕೊಂಡು ಬರೆದ: ‘ಆಪರೇಷನ್ ಮಂಡಿಗೋ ಕಣ್ಣಿಗೋ? ಕಾಲು ಹೊರಗಿತ್ತು, ಮೂರ್ಖ!’ ಕ್ಷಣದಲ್ಲಿ ಉತ್ತರ ಬಂತು: ‘ಒಳಗಿತ್ತು, ಕುರುಡ!’ ಹಾಯ್ಟ್‌ನ ಮುಖಕ್ಕೆ ಮೂರು ವಾರದ ಮೇಲೆ ರಕ್ತ ಏರಿತು. ತಟ್ಟೆಗೆ ಎರಡು ತುಂಡು ಕೋಳಿ ಹಾಕಿಕೊಂಡ.

ವರ್ಲೀನ್ ಚಮಚ ಕೆಳಗಿಟ್ಟಳು.

“ರೀ, ಹೇಸರಗತ್ತೆಗಳ ಕಾಲೇಜಿನಲ್ಲಿ ಓದಿದ್ದು ನೀವಲ್ಲ, ನಾನು. ಬ್ಯಾಂಡಿನಲ್ಲಿ ತಾಳ ಹೊಡೀತಿದ್ದೆ. ಅವತ್ತು ಆ ಮೂಲೇಲೇ ನಿಂತಿದ್ದೆ. ಆ ಹುಡುಗ ಬಿದ್ದದ್ದು ನನ್ನ ಬೂಟಿನ ಪಕ್ಕದಲ್ಲಿ.”

ಹಾಯ್ಟ್‌ನ ಬಾಯಲ್ಲಿದ್ದ ಕೋಳಿ ಅಲ್ಲೇ ನಿಂತಿತು.

“ಕಾಲು ಎಲ್ಲಿ ಊರಿತು ಅಂತ ಕಣ್ಣಾರೆ ಕಂಡವಳು ಮನೇಲೇ ಇದ್ದಾಳೆ. ಇವತ್ತು ಕೇಳ್ತಾರೆ, ನಾಳೆ ಕೇಳ್ತಾರೆ ಅಂತ ಹನ್ನೊಂದು ವರ್ಷ ಕಾದೆ. ಯಾವನೋ ಮುಳ್ಳನ್ನ ಕೇಳಿದ್ರಿ. ನನ್ನ ಒಂದು ದಿನ ಕೇಳಿದ್ರಾ?”

ಪ್ರಶ್ನೆ ಅವನ ನಾಲಗೆಯ ತುದಿಯವರೆಗೆ ಬಂತು. ಕೇಳಿದರೆ ಜಗಳ ಇಲ್ಲಿಗೇ ಮುಗಿಯುತ್ತದೆ. ಕೇಳದಿದ್ದರೆ ಹೆಂಡತಿಯ ಈ ಮುಖವನ್ನು ನೋಡಿಕೊಂಡು ಊಟ ಮಾಡಬೇಕು.

“ಹೇಳ್ಬೇಡ ಕಣೇ, ನಿನ್ನ ದಮ್ಮಯ್ಯ!”

“ಅದನ್ನ ಹೇಳಲ್ಲ ಬಿಡಿ. ಬೇರೆ ಏನಾದ್ರೂ ಕೇಳಬಹುದಲ್ಲ?”

ಹಾಯ್ಟ್ ತಡಕಾಡಿದ. ಹೆಂಡತಿಯನ್ನು ಏನು ಕೇಳಬೇಕೆಂಬುದೇ ಅವನಿಗೆ ಮರೆತುಹೋಗಿತ್ತು.

“ಅವತ್ತು... ಚಳಿ ಇತ್ತಾ?”

“ಅಯ್ಯೋ, ಕೊರೆಯೋ ಚಳಿ!” ವರ್ಲೀನ್‌ಳ ಮುಖ ಅರಳಿತು. ಇಪ್ಪತ್ತು ವರ್ಷದವಳ ಹಾಗೆ ಕಂಡಳು. “ಕೈ ಮರಗಟ್ಟಿ ತಾಳ ಹಿಡಿಯೋಕಾಗ್ತಿರಲಿಲ್ಲ. ಪಾಪ, ಒಬ್ಬ ಹುಡುಗ ತನ್ನ ಕೋಟು ಬಿಚ್ಚಿ ಹೊದಿಸಿದ.”

“ಯಾವ ಹುಡುಗ?”

“ಕಣಜಗಳ ಕಡೆಯವನು. ಎತ್ತರಕ್ಕಿದ್ದ.”

ಫೋನು ಟಿಂಗ್ ಎಂದಿತು. ಮತ್ತೆ ಟಿಂಗ್ ಎಂದಿತು. ಹಾಯ್ಟ್‌ಗೆ ಕೇಳಿಸಲಿಲ್ಲ.

“ಕೋಟು ವಾಪಸ್ ಕೊಟ್ಯಾ?”

“ಕೋಳಿ ಆರತ್ತೆ, ತಿನ್ನಿ,” ಎಂದಳು ವರ್ಲೀನ್, ಗ್ರೇವಿ ಬಡಿಸುತ್ತಾ.