ಬೇಡ ಅಂದವರ ತಟ್ಟೆಗೆ ಇನ್ನೊಂದು ಮುದ್ದೆ

ನನಗೆ ಅಕ್ಷರ ಕೂಡಿಸಿ ಓದಲು ಬರುತ್ತದೆ. ಆದರೆ ಬಸ್ಸಿನ ಬೋರ್ಡಿನ ಮೇಲಿರುವುದು ಬೇಲೂರೋ ಅರಸೀಕೆರೆಯೋ ಎಂದು ಕೂಡಿಸುವಷ್ಟರಲ್ಲಿ ಬಸ್ಸು ಕೆರೆ ಏರಿ ದಾಟಿರುತ್ತದೆ. ಟೀವಿಯಲ್ಲಿ ಆ ತೊಂದರೆಯಿಲ್ಲ. ಧಾರಾವಾಹಿಯವರು ನನ್ನಂಥವರಿಗೆಂದೇ ನಿಧಾನವಾಗಿ ಕಥೆ ಹೇಳುತ್ತಾರೆ. ಸೊಸೆ ಹಾಲು ಉಕ್ಕಿಸಿದಳು ಅನ್ನಿ. ಮೊದಲು ಹಾಲು ತೋರಿಸುತ್ತಾರೆ, ಆಮೇಲೆ ಅತ್ತೆಯ ಮುಖವನ್ನು ಮೂರು ಸಲ ತೋರಿಸಿ ಗುಡುಗು ಹೊಡೆಸುತ್ತಾರೆ, ಆಮೇಲೆ ಮನೆಯಲ್ಲಿರುವವರ ಮುಖವನ್ನೆಲ್ಲ ಒಂದೊಂದಾಗಿ ತೋರಿಸುತ್ತಾರೆ. ಅಷ್ಟರಲ್ಲಿ ನಾನು ಎದ್ದು ಹೋಗಿ ನಮ್ಮ ಮನೆಯ ಹಾಲು ಇಳಿಸಿ ಬಂದರೂ ಅವರ ಹಾಲು ಇನ್ನೂ ಉಕ್ಕುತ್ತಲೇ ಇರುತ್ತದೆ. ಹೀಗೆ ಬಯ್ದುಕೊಂಡೇ ದಿನಾ ನೋಡುವ ನನಗೆ ಒಂದು ಆಸೆಯಿತ್ತು. ಒಂದೇ ಒಂದು ಸಲ ನನ್ನ ಮುಖವೂ ಟೀವಿಯಲ್ಲಿ ಬರಬೇಕು. ಮೂರು ಸಲ ತೋರಿಸದಿದ್ದರೂ ಚಿಂತೆಯಿಲ್ಲ, ಗುಡುಗೂ ಬೇಕಾಗಿಲ್ಲ.

ಈ ಆಸೆಯನ್ನು ಯಾರಿಗೂ ಹೇಳಿರಲಿಲ್ಲ. ಅಷ್ಟರಲ್ಲಿ ಧಾರಾವಾಹಿಯವರೇ ನಮ್ಮೂರು ಹಳೇಬೀಡಿಗೆ ಬಂದರು. ನೂರು ವರ್ಷದ ಹಿಂದಿನ ನಮ್ಮ ಸೀಮೆಯ ಗೌಡರ ಮನೆತನದ ಕಥೆಯಂತೆ. ಜಗಲಿ ಅಗಲವಾಗಿದೆ ಎಂದು ನಮ್ಮ ಮನೆಯನ್ನೇ ಆರಿಸಿಕೊಂಡರು. ನೂರು ವರ್ಷದ ಹಿಂದೆ ಇಲ್ಲಿ ಹೇಗಿತ್ತು ಎಂದು ನಿರ್ದೇಶಕ ನನ್ನನ್ನೇ ಕೇಳಿದ. ಆಗ ನಾನಿನ್ನೂ ಹುಟ್ಟಿರಲಿಲ್ಲ ಅಂದೆ. ಅವನಿಗೆ ಅಷ್ಟು ನಂಬಿಕೆ ಬಂದಂತೆ ಕಾಣಲಿಲ್ಲ.

ನಮ್ಮ ಯಜಮಾನರು ಬದುಕಿದ್ದಷ್ಟು ದಿನವೂ ತೆಂಗಿನಕಾಯಿ ಮಾರಿ ಮಾರಿ ಈ ಮನೆಯ ಮಣ್ಣಿನ ಗೋಡೆಗಳನ್ನು ಕೆಡವಿ ಸಿಮೆಂಟು ಮಾಡಿಸಿದ್ದರು. ಅಷ್ಟು ವರ್ಷದ ಕೆಲಸವನ್ನು ಇವರು ಒಂದೇ ಬೆಳಿಗ್ಗೆ ಬಣ್ಣ ಬಳಿದು ಮತ್ತೆ ಮಣ್ಣಿನ ಮನೆ ಮಾಡಿಬಿಟ್ಟರು. ಬಾಗಿಲಿಗೆ ಜೋಳದ ತೆನೆ ಕಟ್ಟಿದರು, ತೊಲೆಗೆ ಒಣಮೆಣಸಿನಕಾಯಿ ತೋರಣ ತೂಗಿಬಿಟ್ಟರು, ನಡು ಮಧ್ಯಾಹ್ನ ಲಾಂದ್ರ ಹಚ್ಚಿಟ್ಟರು. ಸೊಂಟಕ್ಕೆ ಕೊಡವಿಟ್ಟ ಒಬ್ಬ ಹುಡುಗಿಯನ್ನು ಸುಮ್ಮನೆ ಆ ಕಡೆಯಿಂದ ಈ ಕಡೆಗೆ ನಡೆಸಿದರು. ಎಲ್ಲಿಗೆ ಹೋಗುತ್ತಾಳೆ ಎಂದು ಕೇಳಿದ್ದಕ್ಕೆ, ಎಲ್ಲಿಗೂ ಇಲ್ಲ, ಹಳ್ಳಿ ಅಂತ ಗೊತ್ತಾಗೋಕೆ ಅಂದರು. ಕೊಡದಲ್ಲಿ ನೀರೂ ಇರಲಿಲ್ಲ. ಅವರ ಕ್ಯಾಮೆರಾ ಪೆಟ್ಟಿಗೆಯ ಗಾಜಿನಲ್ಲಿ ಇಣುಕಿದರೆ ಇಡೀ ಹಳೇಬೀಡು ಅರಿಶಿನ ಕಲಸಿದ ನೀರಿನಲ್ಲಿ ಅದ್ದಿ ತೆಗೆದಂತೆ ಕಾಣುತ್ತಿತ್ತು. ಹಳೇ ಕಾಲ ಅಂದರೆ ಹಳದಿಯಾಗಿಯೇ ಇರಬೇಕಂತೆ. ನಾನು ಚಿಕ್ಕವಳಿದ್ದಾಗ ರಾಗಿ ಹೊಲ ಹಸಿರಾಗಿಯೇ ಇತ್ತು. ಹೇಳಲಿಲ್ಲ. ಹೇಳಿದರೆ ಎಲ್ಲಿ ಪಾತ್ರ ಕೈತಪ್ಪುತ್ತದೋ ಎಂಬ ಭಯ.

ಯಾಕೆಂದರೆ ಅಷ್ಟು ಹೊತ್ತಿಗೆ ನನಗೊಂದು ಪಾತ್ರ ಸಿಕ್ಕಿತ್ತು. ಗೌಡರ ಮನೆಯಲ್ಲಿ ಅಡುಗೆ ಮಾಡುವ ಮುದುಕಿ. ಸಿಕ್ಕ ಗಳಿಗೆಗೇ ಬೀದಿಯ ಕೊನೆವರೆಗೂ ಹೋಗಿ ಹೇಳಿ ಬಂದೆ. ಪಕ್ಕದ ಮನೆಯಲ್ಲಿರುವ ನನ್ನ ವಾರಗಿತ್ತಿ ನಂಜಮ್ಮನಿಗೆ ಮಾತ್ರ ಎರಡು ಸಲ ಹೇಳಿದೆ. ಬೆಳ್ಳಗಿದ್ದ ನನ್ನ ತಲೆಗೆ ಬಿಳಿ ಪುಡಿ ಹಾಕಿದರು, ಕ್ಯಾಮೆರಾಕ್ಕೆ ನನ್ನ ಬಿಳುಪು ಸಾಲದಂತೆ. ಒಗೆದು ಉಟ್ಟಿದ್ದ ಸೀರೆಗೆ ಟೀ ಡಿಕಾಕ್ಷನ್ ಸವರಿದರು. ಎಲ್ಲಕ್ಕೂ ತಲೆಯಾಡಿಸಿದೆ.

ಮಾತು ಕಲಿಸಲು ಬೆಂಗಳೂರಿನಿಂದ ಒಬ್ಬ ಹುಡುಗಿ ಬಂದಿದ್ದಳು. ನನಗೆ ಹಳ್ಳಿ ಮಾತು ಕಲಿಸುವುದು ಅವಳ ಕೆಲಸ. ಗೌಡರ ಮಗ ಊಟಕ್ಕೆ ಕೂತಾಗ ನಾನು ಒಂದು ಮಾತು ಹೇಳಬೇಕಿತ್ತು. ನನ್ನ ರೀತಿಯಲ್ಲಿ ಹೇಳಿದೆ: "ಉಣ್ಣಪ್ಪ, ಆರೋಯ್ತದೆ." ಹುಡುಗಿಗೆ ಒಪ್ಪಿಗೆಯಾಗಲಿಲ್ಲ. "ಅಜ್ಜಿ, ಇನ್ನೂ ಸ್ವಲ್ಪ ಹಳ್ಳಿ ಥರ ಹೇಳಿ. ನೀವು ಮನೇಲಿ ಮಾತಾಡೋ ಥರ ಇದೆ," ಅಂದಳು. "ಉಣ್ರೀ ನನ್ನೊಡೆಯಾ, ಈ ಬಡವಿಯ ಕೈ ತುತ್ತು ಉಣ್ರೀ" ಎಂದು ಎಳೆದೆಳೆದು ಹೇಳಿಕೊಟ್ಟಳು. ಕೇಳಿದರೆ ಧಾರವಾಡದ ಕಡೆಯವರು ನಮ್ಮೂರಿಗೆ ಬಂದು ದಾರಿ ತಪ್ಪಿ ಅಳುತ್ತಿರುವಂತೆ ಇತ್ತು. ನನ್ನ ಮುದ್ದೆ ತಿನ್ನುವವನನ್ನು ನಾನು ಹುಟ್ಟಿದಾಗಿನಿಂದ ಒಡೆಯ ಅಂದವಳಲ್ಲ. ಆದರೂ ಅಂದೆ. ಮುಖ ಬರುವುದಿದ್ದರೆ ಇನ್ನೇನು ಬೇಕಾದರೂ ಅನ್ನುತ್ತಿದ್ದೆ.

ತೊಂದರೆ ಬಂದಿದ್ದು ಬಾಯಿಯಿಂದಲ್ಲ, ಕೈಯಿಂದ. ಕಥೆಯಲ್ಲಿ ಗೌಡರ ಮಗನಿಗೆ ಅಪ್ಪನ ಮೇಲೆ ಸಿಟ್ಟು. ಅವನು ಮುದ್ದೆ ಮುಟ್ಟದೆ, "ನನಗೆ ಬೇಡ" ಎಂದು ಎದ್ದು ಹೋಗಬೇಕು. ನಾನು ಅವನ ಬೆನ್ನು ನೋಡುತ್ತಾ ಕಣ್ಣೀರು ಹಾಕಬೇಕು. ಆ ಹುಡುಗ ಬೇಡ ಅಂದ. ನನ್ನ ಕೈ ತಾನಾಗಿಯೇ ನೀರಿಗೆ ಅದ್ದಿಕೊಂಡು ಇನ್ನೊಂದು ಮುದ್ದೆ ಅವನ ತಟ್ಟೆಗೆ ಇಟ್ಟಿತು. ನಿರ್ದೇಶಕ ಕಟ್ ಅಂದ. ಮತ್ತೆ ಮಾಡಿದರು. ಹುಡುಗ ಬೇಡ ಅಂದ, ಮತ್ತೊಂದು ಬಿತ್ತು. ಈ ಸಲ ಸಾರನ್ನೂ ಬಿಟ್ಟಿದ್ದೆ. ಸಿಟ್ಟಿನ ದೃಶ್ಯ ಬೀಗರೂಟದಂತಾಯಿತು. ಗೌಡರ ಮಗನಿಗೆ ನಗು ತಡೆಯಲಾಗದೆ ಅಂಟಿಸಿದ್ದ ಮೀಸೆಯ ಒಂದು ಕಡೆ ಬಿಟ್ಟುಕೊಂಡಿತು.

ನಿರ್ದೇಶಕ ತಲೆಯ ಟೋಪಿ ತೆಗೆದು ಹತ್ತಿರ ಬಂದ. "ಅಜ್ಜಿ, ಅವನು ಬೇಡ ಅಂದನಲ್ಲ, ಯಾಕೆ ಹಾಕಿದ್ರಿ?"

"ಬೇಡ ಅಂದ್ರಲ್ವೇನಪ್ಪ ಹಾಕೋದು," ಅಂದೆ. "ಬೇಕು ಅಂತ ಯಾರಾದ್ರೂ ಬಾಯ್ಬಿಟ್ಟು ಕೇಳ್ತಾರಾ?"

"ಅವನಿಗೆ ನಿಜವಾಗ್ಲೂ ಬೇಡ ಅಜ್ಜಿ."

"ನಿಜವಾಗ್ಲೂ ಬ್ಯಾಡ ಅನ್ನೋನು ತಟ್ಟೆ ಮ್ಯಾಲೆ ಎರಡು ಕೈನೂ ಅಡ್ಡ ಇಟ್ಟು ಬೋರಲು ಬೀಳ್ತಾನೆ. ಇವ್ನು ಬರೀ ಬಾಯ್ಮಾತ್ನಲ್ಲಿ ಅಂದ."

ನಾನು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ನಮ್ಮ ಕಡೆ ಮೊದಲನೇ ಬೇಡ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಮೂರನೆಯದಕ್ಕೆ ಅರ್ಧ ಮುದ್ದೆ ಹಾಕಿ ಸುಮ್ಮನಾಗುತ್ತೇವೆ. ನನ್ನ ಅಳಿಯ ಮದುವೆಯಾದ ಹೊಸದರಲ್ಲಿ ಇದು ತಿಳಿಯದೆ ನಮ್ಮ ಮನೆಯಲ್ಲಿ ಉಂಡು ಜಗಲಿಯ ಮೇಲೆ ಮಲಗಿದವನು ಸಂಜೆಯವರೆಗೂ ಏಳಲಿಲ್ಲ. ಆದರೆ ಇದು ನಮ್ಮ ಸೀಮೆಯ ಕಥೆ ಮಾಡಲು ಬಂದವರಿಗೆ ಕಥೆ ಕೆಡಿಸುವ ವಿಚಾರವಾಯಿತು. ಬೇಡ ಅಂದವರ ತಟ್ಟೆಗೆ ಬಡಿಸುತ್ತ ಹೋದರೆ ಮಗ ಮನೆಬಿಟ್ಟು ಹೋಗುವುದು ಯಾವಾಗ? ಕೊನೆಗೆ ಮಾತು ಕಲಿಸುವ ಹುಡುಗಿ ಹಿಂದೆ ಕೂತು ನನ್ನ ಸೆರಗನ್ನು ಕಂಬಕ್ಕೆ ಸೇರಿಸಿ ಬಿಗಿಹಿಡಿದಳು. ಕಣ್ಣಿಗೆ ಏನೋ ಎಣ್ಣೆಯಂಥದ್ದು ಹಚ್ಚಿ ಅಳಿಸಿದರು. ನಾನು ಯಜಮಾನರು ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ಅದು ಟೀವಿಯಲ್ಲಿ ಬರುವ ಸಂಜೆ ಬೀದಿಗೆ ಬೀದಿಯೇ ನಮ್ಮ ನಡುಮನೆಯಲ್ಲಿ ಕೂತಿತ್ತು. ಮೊದಲು ದೇವಸ್ಥಾನದ ಗೋಡೆಯ ಬೊಂಬೆಗಳನ್ನು ತೋರಿಸಿದರು, ಕೊಳಲು ಊದಿದರು. ಕೊಡದ ಹುಡುಗಿ ಬಂದಳು, ಹೋದಳು. ಗೌಡರ ಮಗನ ಮುಖ ಮೂರು ಸಲ ಬಂತು, ಅಪ್ಪನ ಮುಖ ಮೂರು ಸಲ ಬಂತು, ಲಾಂದ್ರವೂ ಮೂರು ಸಲ ಬಂತು. ಆಮೇಲೆ ತಟ್ಟೆಗೆ ಮುದ್ದೆ ಇಡುತ್ತಿರುವ ಒಂದು ಕೈ ಬಂತು. ಮೊಣಕೈವರೆಗೆ ನನ್ನದೇ. ಹಿಂದಿನಿಂದ "ಉಣ್ರೀ ನನ್ನೊಡೆಯಾ" ಎಂದು ಯಾರೋ ಎಳೇ ಹೆಂಗಸಿನ ದನಿ ಕೇಳಿತು, ಗುಡುಗಿತು, ಮುಗಿಯಿತು. ಅತ್ತಿದ್ದೆಲ್ಲ ದಂಡ. ನಂಜಮ್ಮನೇ ಸಮಾಧಾನ ಮಾಡಿದಳು. "ಕೈ ಚೆನ್ನಾಗಿ ಬಂದೈತೆ ಬಿಡಕ್ಕ," ಅಂದಳು.

ಇನ್ನು ಮೇಲೆ ಆ ದರಿದ್ರ ಟೀವಿ ಹಾಕುವುದಿಲ್ಲ ಎಂದುಕೊಂಡಿದ್ದೆ. ಸ್ವಲ್ಪ ದಿನ ಬಿಟ್ಟು ಅದೇ ಮಾತು ಕಲಿಸುವ ಹುಡುಗಿ ಜೀಪಿನಲ್ಲಿ ಬಂದಳು. ಬೇಲೂರಿನಲ್ಲಿ ತಂಗಿದ್ದಾರಂತೆ, ಗೌಡರ ಅಕ್ಕನ ಪಾತ್ರಕ್ಕೆ ವಯಸ್ಸಾದವರು ಬೇಕಂತೆ, ಈ ಸಲ ಪೂರಾ ಮುಖ ಬರುತ್ತದಂತೆ, ದಿನಾ ಬರುತ್ತದಂತೆ. "ಬರ್ತೀರಾ ಅಜ್ಜಿ?" ಎಂದು ಕೇಳಿದಳು. "ಅಯ್ಯೋ, ಬ್ಯಾಡ ಬಿಡವ್ವ, ನಂಗ್ಯಾಕೆ ಅವೆಲ್ಲ," ಅಂದೆ. ಅಂದು, ಅವಳಿಗೆ ಮಜ್ಜಿಗೆ ತರಲು ಒಳಗೆ ಹೋದೆ. ಹಾಗೆಯೇ ಟ್ರಂಕಿನಿಂದ ಒಳ್ಳೆಯ ಸೀರೆಯನ್ನೂ ತೆಗೆದಿಟ್ಟೆ. ಹೊರಗೆ ಬಂದರೆ ಜಗಲಿ ಖಾಲಿ. ಜೀಪು ನಂಜಮ್ಮನ ಮನೆ ಮುಂದೆ ನಿಂತಿತ್ತು. ಅವಳು ಮೊದಲನೇ ಸಲಕ್ಕೇ ಹೂಂ ಅಂದಿದ್ದಾಳೆ. ಮಾನ ಮರ್ಯಾದೆ ಇಲ್ಲದವಳು.

ಈಗ ದಿನಾ ಸಂಜೆ ನಂಜಮ್ಮನ ಮುಖ ಮೂರು ಸಲ ಬರುತ್ತದೆ. ತನ್ನ ಮುಖ ನೋಡಲು ಅವಳು ನಮ್ಮ ಮನೆಗೇ ಬರುತ್ತಾಳೆ, ನಮ್ಮ ಟೀವಿ ದೊಡ್ಡದು. ನಿನ್ನೆ ಕಾಫಿ ಕುಡೀತೀಯೇನೇ ಎಂದು ಕೇಳಿದ್ದಕ್ಕೆ "ಬ್ಯಾಡ ಬಿಡಕ್ಕ," ಅಂದಳು. ಟೀವಿಯವರಿಂದ ನಾನೂ ಒಂದಿಷ್ಟು ಕಲಿತಿದ್ದೇನೆ, ಬೇಡ ಅಂದರೆ ಬೇಡವೇ, ಇವಳಿಗೆ ಇವತ್ತು ತೋರಿಸುತ್ತೇನೆ ಎಂದು ಗಟ್ಟಿಯಾಗಿ ಕೂತೆ. ನೋಡುತ್ತೇನೆ, ಅವಳ ಮುಂದೆ ಕಾಫಿ ಲೋಟ ಹಬೆಯಾಡುತ್ತಿದೆ, ಪಕ್ಕದಲ್ಲಿ ಎರಡು ಕೋಡುಬಳೆ ಬೇರೆ. ಎಷ್ಟಾದರೂ ಟೀವಿಯಲ್ಲಿ ಬಂದ ಕೈ, ಇನ್ನು ನನ್ನ ಮಾತು ಎಲ್ಲಿ ಕೇಳುತ್ತದೆ.